ಸೂರಿನ ಹದಿನೆಂಟು ಕಂಡಿಗಳು

ಜೂನ್ 9

ಬೆಳಿಗ್ಗೆ ಏಳಕ್ಕೆ 6.4. ಮಧ್ಯಾಹ್ನ ಎರಡಕ್ಕೆ 17.1. ರಾತ್ರಿ ಒಂಬತ್ತಕ್ಕೆ 8.2. ಮೋಡ ಅರ್ಧ.

ಮೂವತ್ತನಾಲ್ಕು ವರ್ಷ ಹವಾಮಾನ ಕೇಂದ್ರದ ಪುಸ್ತಕದಲ್ಲಿ ಇದನ್ನೇ ಬರೆದೆ. ನಿವೃತ್ತನಾದರೂ ಕೈ ಕೇಳುತ್ತಿಲ್ಲ. ಇದು ನನ್ನ ಸ್ವಂತ ಪುಸ್ತಕ. ಯಾವ ಮೇಲಧಿಕಾರಿಯೂ ಸಹಿ ಹಾಕುವುದಿಲ್ಲ, ಹಾಗಾಗಿ ಅಂಕಿಗಳ ಜೊತೆ ನಾಲ್ಕು ಮಾತನ್ನೂ ಬರೆಯಬಹುದು.

ನನ್ನ ಹೆಂಡತಿ ಝುಮ್ರಾ, ಪಜಾರ್ ಪಟ್ಟಣದಲ್ಲಿರುವ ತನ್ನ ಅಕ್ಕ ಬೆಹಿಯಾಳ ಮನೆಗೆ ಹೋಗಿ ನಾಲ್ಕು ತಿಂಗಳಾಯಿತು. ಫೆಬ್ರವರಿಯಲ್ಲಿ ಹೊರಗೆ ಮೈನಸ್ ಇಪ್ಪತ್ತಾರು ಇದ್ದ ದಿನ ಗಂಟು ಕಟ್ಟಿದಳು. "ಈ ಮಾಡಿನ ಕೆಳಗೆ ಇನ್ನೊಂದು ಚಳಿಗಾಲ ಕಳೆಯೋಳಲ್ಲ ನಾನು" ಎಂದಳು. ಕೋಣೆಯಲ್ಲಿ ಹದಿನೇಳು ಡಿಗ್ರಿ ಇದೆ, ಚಳಿ ಹೇಗಾಗುತ್ತದೆ ಎಂದು ನಾನು ಕೇಳಿದೆ. "ಹಾಗಾದ್ರೆ ಆ ಗಾಜಿನ ಕೊಳವೆಯನ್ನೇ ಕಟ್ಕೊಂಡು ಸಂಸಾರ ಮಾಡು ಮಾರಾಯ" ಎಂದು ಬಸ್ಸು ಹತ್ತಿದಳು.

ಇವತ್ತು ಅವಳ ಫೋನ್ ಬಂತು. ಬೆಹಿಯಾಳ ಕೆಳಗಿನ ಕೋಣೆಯ ಬಾಡಿಗೆಯವರು ನವೆಂಬರ್ ಕೊನೆಗೆ ಬಿಡುತ್ತಾರಂತೆ. ಆ ಕೋಣೆ ತನಗೇ ಇರಲಿ ಎಂದು ಕೇಳಿಟ್ಟಿದ್ದಾಳೆ. ಕೇಳಿಟ್ಟಿದ್ದಾಳೆ ಅಷ್ಟೇ, ಇನ್ನೂ ಹೂಂ ಅಂದಿಲ್ಲ. "ಮಾಡಿಗೆ ಏನಾದ್ರೂ ಮಾಡ್ತೀಯೋ, ಇಲ್ಲ ಅಂಕಿ ಬರ್ಕೊಂಡೇ ಕೂತಿರ್ತೀಯೋ?" ಎಂದು ಕೇಳಿದಳು.

ಮಾಡುತ್ತೇನೆ ಎಂದೆ. ಮಲಗುವ ಕೋಣೆ ಮೇಲೆ, ಇಳಿಜಾರು ಮಾಡಿನ ನೇರ ಕೆಳಗಿದೆ. ಅಲ್ಲಿ ಶಾಖ ಎಷ್ಟು ಸೋರುತ್ತದೆ ಎಂಬುದು ನಿಜಕ್ಕೂ ಕುತೂಹಲದ ವಿಷಯ. ಅವಳು ಹೇಳಿದಳು ಎಂದಲ್ಲ.

ಜೂನ್ 16

ಬೆಳಿಗ್ಗೆ 1.8. ಎತ್ತರದ ನಮ್ಮ ಪೆಷ್ಟೆರ್ ಬಯಲಿನಲ್ಲಿ ಜೂನ್ ತಿಂಗಳಿಗೂ ಮಂಜು ಬೀಳುವುದು ಹೊಸದಲ್ಲ. ಅವಕಾಶ ಕೈಬಿಡಬಾರದೆಂದು ಒಲೆ ಹೊತ್ತಿಸಿ, ಮಲಗುವ ಕೋಣೆಯ ಒಂಬತ್ತು ಕಡೆ ಶಾಖ ಅಳೆದೆ.

ಚಿಮಣಿ ಪಕ್ಕದ ಮೊಳೆಯ ಹತ್ತಿರ: 16.5. ನನ್ನ ದಿಂಬಿನ ಮೇಲೆ: 14. ಝುಮ್ರಾಳ ದಿಂಬಿನ ಮೇಲೆ, ಸೂರಿನ ಪಕ್ಕ, ಮಾಡು ತಗ್ಗಿ ಗೋಡೆಗೆ ತಾಗುವ ಜಾಗದಲ್ಲಿ: 8.5.

ಮೂರು ಸಲ ಅಳೆದೆ. ಉಪಕರಣ ಸರಿಯಾಗಿಯೇ ಇದೆ.

ಇಷ್ಟು ವರ್ಷ ಥರ್ಮಾಮೀಟರ್ ತೂಗುತ್ತಿದ್ದದ್ದು ಚಿಮಣಿ ಪಕ್ಕದ ಮೊಳೆಗೆ. ಮೊಳೆ ಹೊಡೆದವನು ನಾನೇ. ಕೇಂದ್ರದಲ್ಲಿ ಯಾವನಾದರೂ ಹೊಸಬ ಹೀಗೆ ಮಾಡಿದ್ದರೆ ಕಿವಿ ಹಿಂಡಿ ಹೊರಗೆ ಕಳಿಸುತ್ತಿದ್ದೆ. ಹಳೆಯ ದಾಖಲೆಗೆ ತಿದ್ದುಪಡಿ ಬೇಕು. ಅವಳಿಗೆ ಹೇಳಬೇಕೋ ಬೇಡವೋ ಇನ್ನೂ ತೀರ್ಮಾನಿಸಿಲ್ಲ.

ಜೂನ್ 20

ಒಳಮಾಡಿನ ಹಲಗೆ ಕಿತ್ತೆ. ಒಳಗೆ ಏನಿತ್ತು? ಇಲಿಗಳು ಎಳೆದು ತಂದ ಜೋಳದ ಬೆಂಡು, ಒಂದು ಗುಬ್ಬಚ್ಚಿ ಗೂಡು, ಒಂದು ಬಕೀಟು ಧೂಳು. ನಮಗೂ ಆಕಾಶಕ್ಕೂ ನಡುವೆ ಹೆಂಚು, ಡಾಂಬರು ಕಾಗದ, ಎರಡು ಪದರ ಹಲಗೆ. ಅಷ್ಟೇ. ಇಂಥ ಮನೆ ಕಟ್ಟಿಸಿದ ಮಹಾನುಭಾವನೂ ನಾನೇ.

ಏನು ತುಂಬಿಸುವುದು ಎಂಬುದು ಮುಂದಿನ ಪ್ರಶ್ನೆ. ಪಕ್ಕದ ಮನೆಯ ಐಕೂನಕ್ಕನ ಅಂಗಳದಲ್ಲಿ ಕುರಿಗಳ ಮೈಯಿಂದ ಕತ್ತರಿಸಿದ ತುಪ್ಪಟ ಗುಡ್ಡೆ ಬಿದ್ದಿತ್ತು. ಈಗ ಯಾರೂ ಕೊಳ್ಳುವುದಿಲ್ಲ. ಎಲ್ಲರೂ ಕೊರಕಲಿಗೆ ಸುರಿಯುತ್ತಾರೆ. ಒಂದಷ್ಟು ಕೇಳಿ ತಂದು ಪರೀಕ್ಷೆ ಮಾಡಿದೆ. ಮೂರು ಜಾಡಿಗಳಲ್ಲಿ ಕುದಿಯುವ ನೀರು. ಒಂದಕ್ಕೆ ಅಂಗಡಿಯಲ್ಲಿ ಸಿಗುವ ಹಳದಿ ಗಾಜಿನ ಉಣ್ಣೆ ಸುತ್ತಿದೆ, ಇನ್ನೊಂದಕ್ಕೆ ಕುರಿಯ ತುಪ್ಪಟ, ಮೂರನೆಯದಕ್ಕೆ ಝುಮ್ರಾ ಬಿಟ್ಟುಹೋದ ಬೂದು ಸ್ವೆಟರು. ನಾಲ್ಕು ಗಂಟೆಯ ನಂತರ ಅಂಗಡಿಯದು 51, ತುಪ್ಪಟ 50, ಸ್ವೆಟರು 38.

ತುಪ್ಪಟವೇ ಸಾಕು. ಸ್ವೆಟರನ್ನು ಹೋಲಿಕೆಗಾಗಿ ತೆಗೆದುಕೊಂಡದ್ದು. ಮೊಣಕೈ ಹತ್ತಿರ ಸವೆದು ಬಲೆಯಂತಾಗಿದೆ. ಇದನ್ನು ಹಾಕಿಕೊಂಡು ಚಳಿ ತಡೆದಳೇ? ಬೀರುವಿನಲ್ಲಿ ಮಡಿಸಿಟ್ಟೆ.

ಜುಲೈ 2

ಐಕೂನಕ್ಕನನ್ನು ಕೇಳಿದೆ: ಉಣ್ಣೆ ತೊಳೆದು ಹಿಂಜಲು ನಮ್ಮ ಮನೆಯಲ್ಲಿ ಮೊಬಾ ಕೂಡಿಸೋಣವೇ? ಮೊಬಾ ಎಂದರೆ ಊರವರು ಕೂಲಿ ಇಲ್ಲದೆ ಸೇರಿ ದುಡಿಯುವುದು. ಮನೆಯವರು ಊಟ ಹಾಕಬೇಕು.

ಅವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು. "ಏನ್ ತಮ್ಮ, ಬುದ್ಧಿ ನೆಟ್ಟಗಿದೆಯಾ? ಹೆಂಗಸಿಲ್ಲದ ಮನೇಲಿ ಹತ್ತು ಜನ ಹೆಂಗಸರು ಬಂದು ಕೂರೋದಾ? ಅಡುಗೆ ಯಾರು ಮಾಡ್ತಾರೆ, ನಿನ್ನ ಥರ್ಮಾಮೀಟರಾ?"

"ನಾನೇ ಮಾಡ್ತೀನಿ ಅಕ್ಕ."

"ಅಯ್ಯೋ, ಬೇಡಪ್ಪಾ ಬೇಡ! ಉಣ್ಣೆ ನಮ್ಮ ಅಂಗಳಕ್ಕೆ ತಂದು ಹಾಕು. ಹಿಟ್ಟು, ಬೆಣ್ಣೆ ನಿಂದು. ಬಾಯಿ ಮುಚ್ಕೊಂಡು ನೀರು ಕಾಯಿಸು."

ಹಾಗೇ ಆಯಿತು.

ಜುಲೈ 13

ಮೊಬಾ ಮುಗಿಯಿತು. ಹನ್ನೊಂದು ಹೆಂಗಸರು, ಆರು ಜೊತೆ ಹಿಂಜುವ ಹಣಿಗೆ, ಮೂರು ತಟ್ಟೆ ಪೀತಾ ಕಡುಬು ಖಾಲಿ. ನಾನು ಹಿಂಜಿದ ಉಣ್ಣೆಗೆ ಬಿಳಿಗಾರದ ನೀರು ಚಿಮುಕಿಸುತ್ತಾ ಮೂಲೆಯಲ್ಲಿದ್ದೆ. ಸ್ವಲ್ಪ ಹೊತ್ತಿಗೆ ನಾನಿರುವುದೇ ಅವರಿಗೆ ಮರೆತುಹೋಯಿತು.

ಯಾರೋ ಒಬ್ಬಳು, "ಪಾಪ ಝುಮ್ರಾ, ಎರಡು ಚಳಿಗಾಲ ಅಡುಗೆಮನೇಲೇ ಮಲಗಿದಳು" ಎಂದಳು. ಇನ್ನೊಬ್ಬಳು, "ಇವನು ನಿದ್ದೆ ಹೋದ ಮೇಲೆ ಕೆಳಗಿಳಿದು, ಒಲೆ ಪಕ್ಕದ ದಿವಾನದ ಮೇಲೆ, ಎರಡೆರಡು ಕಾಲುಚೀಲ ಹಾಕ್ಕೊಂಡು" ಎಂದಳು. ಐಕೂನಕ್ಕ ಕೆಮ್ಮಿದಳು. ಎಲ್ಲರೂ ತಲೆ ತಗ್ಗಿಸಿ ಹಿಂಜತೊಡಗಿದರು.

ಬೆಳಿಗ್ಗೆ ಐದೂವರೆಗೆ ನಾನು ಕೆಳಗಿಳಿದಾಗ ಅವಳು ದಿನಾ ಒಲೆ ಮುಂದೆ ಇರುತ್ತಿದ್ದಳು. ಬೆಂಕಿ ಹೊತ್ತಿಸಲು ಬೇಗ ಎದ್ದಿದ್ದಾಳೆ ಎಂದುಕೊಂಡಿದ್ದೆ. ಒಳ್ಳೆಯ ಹೆಂಡತಿ ಎಂದು ಕೇಂದ್ರದಲ್ಲಿ ಹೇಳಿಕೊಂಡೂ ಇದ್ದೆ.

ಹೆಂಗಸರ ಮಾತು, ಪರಿಶೀಲಿಸಬೇಕು. ಆದರೆ ಎರಡೆರಡು ಕಾಲುಚೀಲ ಎಂದು ಯಾರೂ ಕಟ್ಟುಕತೆಯಲ್ಲಿ ಸೇರಿಸುವುದಿಲ್ಲ.

ಆಗಸ್ಟ್ 4

ಬಡಗಿ ಝೆಚೊ ಬಂದ. ಕೆಲಸ ಬಲ್ಲವನು, ಬಾಯಿ ಜೋರು. ಮಾಡಿನ ಇಳಿಜಾರು ತೊಲೆಗಳಾದ ಪಕಾಸುಗಳ ನಡುವೆ ಉಣ್ಣೆ ಒತ್ತುವ ಮೊದಲು ನನ್ನನ್ನು ಕೂರಿಸಿ ಪಾಠ ಹೇಳಿದ. "ನೋಡಣ್ಣ, ಮೇಲಿನ ಹಲಗೆಗೆ ಉಣ್ಣೆ ತಾಗಬಾರದು. ನಾಲ್ಕು ಬೆರಳು ಜಾಗ ಬಿಡ್ಬೇಕು. ಸೂರಿನ ಕಂಡಿಯಿಂದ ಗಾಳಿ ಒಳಗೆ ಬರ್ಬೇಕು, ಹಲಗೆ ಕೆಳಗೇ ಹತ್ತಿ ಮಾಡಿನ ನೆತ್ತಿಯಿಂದ ಹೋಗ್ಬೇಕು. ಉಸಿರು ಕಟ್ಟಿದ ಮಾಡು ಕೊಳೆಯುತ್ತೆ."

ಪಕಾಸುಗಳ ಸಂದಿಗೊಂದರಂತೆ ಎರಡೂ ಬದಿ ಸೇರಿ ಸೂರಿನಲ್ಲಿ ಹದಿನೆಂಟು ಕಂಡಿ. ಬಹಳ ಸರಿಯಾದ ಏರ್ಪಾಡು. ಕೆಳಗೆ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯದು; ತಾನಾಗಿಯೇ ಏರುತ್ತದೆ.

ಇಷ್ಟು ಹೇಳಿದವನು ಮರುಕ್ಷಣವೇ, "ಆ ಕಿಟಕಿ ಹಾಕಣ್ಣ, ಬಾಗಿಲೂ ತೆಗೆದಿದೆ, ಪ್ರೊಮಾಯ ಆಗ್ತಿದೆ!" ಎಂದು ಕೂಗಿದ.

ಈ ಪ್ರೊಮಾಯ ನಮ್ಮ ಜನರ ದೊಡ್ಡ ಭೂತ. ಎದುರು ಬದುರು ಎರಡು ಕಿಂಡಿ ತೆರೆದು ನಡುವೆ ಗಾಳಿ ಹಾಯ್ದರೆ ಕುತ್ತಿಗೆ ಹಿಡಿಯುತ್ತದೆ, ಮೂತ್ರಪಿಂಡ ಕೆಡುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಜುಲೈ ಬಿಸಿಲಿನಲ್ಲಿ ಬಸ್ಸಿನೊಳಗೆ ಬೆಂದು ಸಾಯುತ್ತಾರೆ, ಕಿಟಕಿ ತೆಗೆಯುವುದಿಲ್ಲ. ಝುಮ್ರಾ ಅಂತೂ ಇದರಲ್ಲಿ ಮೇಷ್ಟ್ರು. ಮದುವೆಯ ದಿನ ಕಾರಿನ ಕಿಟಕಿ ಇಳಿಸಿದ್ದಕ್ಕೆ ನಮ್ಮ ಮೊದಲ ಜಗಳ.

"ನೀನೀಗ ಕಟ್ತಿರೋದೇ ಪ್ರೊಮಾಯ ಕಣಯ್ಯಾ" ಎಂದೆ ಝೆಚೊಗೆ.

"ಮಾಡಿಗೆ ಸೊಂಟ ಇಲ್ಲ, ನನಗಿದೆ. ಕಿಟಕಿ ಹಾಕು" ಎಂದ. ಹಾಕಿದೆ.

ಆಗಸ್ಟ್ 19

ಉಣ್ಣೆ ತುಂಬಿಸುತ್ತಿದ್ದೇವೆ. ಮೈಯೆಲ್ಲ ತುರಿಕೆ, ಮೂಗಿನಲ್ಲಿ ಕುರಿ. ಝುಮ್ರಾ ಫೋನ್ ಮಾಡಿದಳು.

"ಬಿಳಿಗಾರ ಹಾಕಿದೀಯಾ? ಇಲ್ಲಾಂದ್ರೆ ನುಸಿ ಬಂದು ಮನೆಯನ್ನೇ ತಿಂದು ಹಾಕುತ್ತೆ."

"ಹಾಕಿದೀನಿ. ಒಂದು ವಿಷಯ ಕೇಳ್ಬೇಕು. ನಿನಗೆ ಚಳಿ ಎಲ್ಲಿ ಆಗ್ತಿತ್ತು?"

"ಎಲ್ಲಿ ಅಂದ್ರೆ? ಮನೇಲಿ."

"ಮೈಯಲ್ಲಿ ಎಲ್ಲಿ?"

ಆ ಕಡೆ ಕುರ್ಚಿ ಎಳೆದು ಕೂತ ಸದ್ದು.

"ಎಡ ಭುಜ" ಎಂದಳು. "ಆಮೇಲೆ ಕಿವಿ. ಗಾಳಿ ಸೊಂಯ್ ಅಂತ ಕೇಳಿಸಿದ್ರೇ ಸಾಕು, ಮೈ ಜುಂ ಅನ್ನೋದು. ಯಾಕೆ ಕೇಳ್ತೀಯ?"

"ಉಣ್ಣೆ ಅಲ್ಲಿ ಎರಡು ಪದರ ಹಾಕೋಣ ಅಂತ."

"ಹೂಂ" ಎಂದಳು. ಫೋನ್ ಇಡಲಿಲ್ಲ. ಬೆಹಿಯಾಳ ಮನೆಯ ಬೆಕ್ಕು ಮರಿ ಹಾಕಿದ ಸುದ್ದಿ ಪೂರ್ತಿ ಹೇಳಿದಳು. ಐದು ಮರಿ, ಒಂದು ಕುಂಟು.

ಸೆಪ್ಟೆಂಬರ್ 14

ಉಣ್ಣೆ, ಹಬೆ ತಡೆಯುವ ಹಾಳೆ, ಹೊಸ ಹಲಗೆ ಎಲ್ಲ ಮುಗಿಯಿತು. ಝೆಚೊ ಹೊರಟ. ಥರ್ಮಾಮೀಟರಿನ ಮೊಳೆಯನ್ನು ಚಿಮಣಿ ಪಕ್ಕದಿಂದ ಕಿತ್ತು ಅವಳ ದಿಂಬಿನ ಮೇಲ್ಗಡೆ ಹೊಡೆದೆ.

ಅಕ್ಟೋಬರ್ 20

ಹೊರಗೆ ಮೈನಸ್ 6. ಒಳಗೆ, ಅವಳ ದಿಂಬಿನ ಹತ್ತಿರ, 19.5! ಎರಡು ಕಟ್ಟಿಗೆ ತುಂಡು ಹಾಕಿದ್ದಷ್ಟೇ. ಒಬ್ಬನೇ ಚಪ್ಪಾಳೆ ತಟ್ಟಿದೆ, ಯಾರೂ ನೋಡಲಿಲ್ಲ.

ಒಂದು ವಾರದಿಂದ ಅವಳ ಕಡೆಯೇ ಮಲಗುತ್ತಿದ್ದೇನೆ, ಪರೀಕ್ಷೆಗಾಗಿ. ಚಳಿ ಇಲ್ಲ. ಆದರೆ ಕಿವಿಗೆ ಒಂದು ಸದ್ದು ಬೀಳುತ್ತದೆ. ಹಲಗೆಯ ಹಿಂದೆ, ಸೂರಿನ ಕಂಡಿಯಿಂದ ಗಾಳಿ ನುಗ್ಗುವ ಸದ್ದು: ಸೊಂಯ್. ಮೋಂಬತ್ತಿ ಹಿಡಿದು ನೋಡಿದೆ, ಜ್ವಾಲೆ ಅಲುಗಲಿಲ್ಲ. ಒಂದು ಎಳೆ ಗಾಳಿಯೂ ಒಳಗೆ ಬರುತ್ತಿಲ್ಲ. ಬರೀ ಸದ್ದು.

ಅವಳಿಗೆ ಕೇಳಿಸುತ್ತದೆ.

ಅಕ್ಟೋಬರ್ 27

ಏಣಿ ಹಾಕಿ, ಉಳಿದಿದ್ದ ಉಣ್ಣೆಯನ್ನು ಹದಿನೆಂಟು ಕಂಡಿಗಳಿಗೂ ಗಟ್ಟಿಯಾಗಿ ತುರುಕಿದೆ. ಪ್ರಯೋಗಕ್ಕಾಗಿ. ಝೆಚೊಗೆ ಹೇಳಿಲ್ಲ.

ಸದ್ದು ನಿಂತಿತು. ಶಾಖವೂ ಒಂದು ಡಿಗ್ರಿ ಏರಿದೆ. ಹಾಗಿದ್ದ ಮೇಲೆ ಝೆಚೊನ ಉಸಿರಾಟದ ಪಾಠ ಸ್ವಲ್ಪ ಅತಿಯಾಯಿತೇನೋ.

ನವೆಂಬರ್ 12

ಹೊರಗೆ ಮೈನಸ್ 13, ಒಳಗೆ 21. ಅವಳಿಗೆ ಫೋನ್ ಮಾಡಿ ಹೇಳಿದೆ.

"ಅಂಕಿ ನನಗೆ ಬೇಡ" ಎಂದಳು. "ಇಪ್ಪತ್ತೆಂಟಕ್ಕೆ ಬರ್ತೀನಿ. ಒಂದು ರಾತ್ರಿ ಮಲಗಿ ನೋಡ್ತೀನಿ. ಮೂವತ್ತಕ್ಕೆ ಬೆಹಿಯಾಳಿಗೆ ಹೂಂ ಅಥವಾ ಊಹೂಂ ಹೇಳ್ಬೇಕು, ಬೇರೆಯವರು ಕಾಯ್ತಿದಾರೆ."

ಮನೆ ಗುಡಿಸಿದೆ. ಕಿಟಕಿ ಒರೆಸಿದೆ. ಮತ್ತೆ ಗುಡಿಸಿದೆ.

ನವೆಂಬರ್ 21

ಮೈನಸ್ 16. ಹೊಸ ಹಲಗೆಯ ಮೇಲೆ, ಅವಳ ದಿಂಬಿನ ನೇರಕ್ಕೆ, ಒಂದು ಕಂದು ಕಲೆ. ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದೆ: ಅಡ್ಡ ಮೂರು ಸೆಂಟಿಮೀಟರ್. ಹೆಂಚು ಸೋರುತ್ತಿಲ್ಲ, ಈ ಚಳಿಯಲ್ಲಿ ಹಿಮ ಕರಗುವುದೇ ಇಲ್ಲ. ಹಾಗಾದರೆ ನೀರು ಎಲ್ಲಿಂದ? ವಿಚಿತ್ರ.

ನವೆಂಬರ್ 24

ಅಡ್ಡ ಹದಿನೊಂದು. ಇನ್ನೂ ಎರಡು ಕಲೆ. ಒದ್ದೆ ಕುರಿಯ ವಾಸನೆ. ಕಾರಣ ನನಗೆ ಗೊತ್ತಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಇನ್ನು ನಾಲ್ಕೇ ದಿನ. ಅಲ್ಲಿಯವರೆಗೆ ತಡೆದರೆ ಸಾಕು.

ನವೆಂಬರ್ 28

ಎಲ್ಲವನ್ನೂ ಕ್ರಮವಾಗಿ ಬರೆಯಬೇಕು.

ಹತ್ತೂವರೆ ಬಸ್ಸಿಗೆ ಬಂದಳು. ಕೈಯಲ್ಲಿ ಬೆಹಿಯಾ ಕಟ್ಟಿಕೊಟ್ಟ ಮಾಂತಿಯಾ ಎಂಬ ಮಾಂಸದ ಸಣ್ಣ ಕಡುಬುಗಳ ಡಬ್ಬಿ; ಸ್ವಲ್ಪ ತೆಳ್ಳಗಾಗಿದ್ದಾಳೆ. ಮೇಲಿನ ಕೋಣೆಗೆ ಹೋಗಿ ನಡುವೆ ನಿಂತಳು. ಗೋಡೆ ಮುಟ್ಟಿದಳು. ತಲೆವಸ್ತ್ರ ತೆಗೆದಳು, ಆಮೇಲೆ ಕೋಟು, ಆಮೇಲೆ ಸ್ವೆಟರು. ನವೆಂಬರ್ ತಿಂಗಳಲ್ಲಿ ಆ ಕೋಣೆಯಲ್ಲಿ ಅವಳ ಬರಿ ತೋಳನ್ನು ನಾನು ನೋಡಿಯೇ ಇರಲಿಲ್ಲ. "ಬೆಚ್ಚಗಿದೆ ಕಣೋ" ಎಂದಳು. ನನ್ನ ಎದೆ ಉಬ್ಬಿತು, ಅದನ್ನು ಮುಚ್ಚಿಡುವುದೇಕೆ.

ಕಲೆಗಳ ಮೇಲೆ ಒಂದು ಕ್ಯಾಲೆಂಡರ್ ಅಂಟಿಸಿದ್ದೆ. ಮಾಡಿನ ಮೇಲೆ ಯಾಕೆ ಕ್ಯಾಲೆಂಡರ್ ಎಂದು ಕೇಳಿದಳು. ಮಲಗಿಕೊಂಡು ದಿನ ನೋಡಲು ಎಂದೆ. ನನ್ನ ಮುಖವನ್ನೇ ನೋಡಿದಳು.

ಊಟವಾದ ಮೇಲೆ ಸ್ವಲ್ಪ ಅಡ್ಡಾಗುತ್ತೇನೆ ಎಂದು ಮೇಲೆ ಹೋದಳು. ಅಷ್ಟರಲ್ಲಿ ಹೊರಗೆ ಗಾಳಿ ದಿಕ್ಕು ಬದಲಿಸಿತು. ತೆಂಕಣ ಗಾಳಿ. ಎರಡು ಗಂಟೆಯಲ್ಲಿ ಮೈನಸ್ 9 ಇದ್ದದ್ದು ಪ್ಲಸ್ 5 ಆಯಿತು. ನನ್ನ ಮಟ್ಟಿಗೆ ಇದಕ್ಕಿಂತ ಕೆಟ್ಟ ಸುದ್ದಿ ಇಲ್ಲ. ಹಲಗೆಯ ಹಿಂದೆ ಒಂದು ತಿಂಗಳಿಂದ ಹೆಪ್ಪುಗಟ್ಟಿದ ಹಬೆಯೆಲ್ಲ ಒಮ್ಮೆಲೇ ಕರಗುತ್ತದೆ ಎಂದು ನನಗೆ ಗೊತ್ತಿತ್ತು. ಮೆಟ್ಟಿಲು ಹತ್ತುತ್ತಿದ್ದಂತೆಯೇ ಅವಳ ದನಿ ಕೇಳಿತು.

"ರಫೇತ್! ಮಳೆ ಒಳಗೇ ಬರ್ತಿದೆ!"

ಹಾಸಿಗೆಯ ಮೇಲೆ ಕೂತಿದ್ದಳು. ಎಡ ಭುಜ ಪೂರ್ತಿ ಒದ್ದೆ. ಕ್ಯಾಲೆಂಡರ್ ಕಿತ್ತು ಅವಳ ಮಡಿಲಿಗೆ ಬಿದ್ದಿತ್ತು. ಮೂರು ಕಡೆ ತೊಟ್ಟಿಕ್ಕುತ್ತಿತ್ತು.

"ಅದು ಮಳೆಯಲ್ಲ. ಒಳಗಿನ ಹಬೆ ಹಲಗೆ, ಹಾಳೆಗಳ ಸಂದಿನಲ್ಲಿ ಮೇಲೆ ಹೋಗಿ, ತಣ್ಣಗಾಗಿ..."

"ಹೋದ ಹಬೆ ಹೊರಗೆ ಹೋಗೋಕೆ ದಾರಿ ಇಲ್ವಾ?"

"ಇತ್ತು."

"ಇತ್ತು ಅಂದ್ರೆ?"

"ಮುಚ್ಚಿದೆ. ಹದಿನೆಂಟೂ."

ಅವಳು ತಲೆಯ ಮೇಲೆ ಕೈಹೊತ್ತಳು. "ಅಯ್ಯೋ ನನ್ನ ಕರ್ಮವೇ! ಬೇಸಿಗೆ ದೊಡ್ಡೀಲಿ ನಮ್ಮಮ್ಮ ಚೀಸ್ ಇಡೋ ಗುಡಿಸಲಿಗೆ ಎರಡೂ ಕಡೆ ಕಿಂಡಿ ಬಿಡ್ತಿದ್ದಳು. ಮುಚ್ಚಿದ್ರೆ ಚೀಸ್ ಬೆವತು ಹುಳ ಬೀಳುತ್ತೆ ಅಂತ ಏಳು ವರ್ಷದ ಹುಡುಗಿಗೂ ಗೊತ್ತು. ಪುಸ್ತಕ ಓದಿದೋನು ನೀನು, ಗಾಳಿ ಅಂತ ಹೆದರಿದೋರ್ನೆಲ್ಲ ನೋಡಿ ಹಲ್ಲು ಕಿಸೀತಿದ್ದೋನು! ನೀನು ಯಾಕೆ ಮುಚ್ಚಿದೆ?"

"ಸೊಂಯ್ ಅಂತಿತ್ತು. ನಿನಗೆ ಕೇಳಿಸುತ್ತೆ ಅಂತ."

ಇನ್ನೊಂದು ಹನಿ ಅವಳ ಮೂಗಿನ ಮೇಲೆ ಬಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ, "ಏಣಿ ಎಲ್ಲಿದೆ?" ಎಂದಳು.

ನಾನು ಹತ್ತಿದೆ, ಅವಳು ಏಣಿ ಹಿಡಿದಳು. ಗಾಳಿ ಭೋರೆನ್ನುತ್ತಿತ್ತು. ತಲೆಗೆ ಬಟ್ಟೆ ಕಟ್ಟಿಕೋ ಎಂದು ಕೂಗಿದೆ. "ನಿನ್ನ ಕೆಲಸ ನೋಡು" ಎಂದಳು. ನೆಂದ ಉಣ್ಣೆಯನ್ನು ಕೊಕ್ಕೆಯಿಂದ ಎಳೆದು ಕೆಳಗೆ ಹಾಕುತ್ತಾ ಹೋದೆ, ಅವಳು ಎಣಿಸಿದಳು. ಹನ್ನೊಂದನೆಯ ಕಂಡಿಯ ಹತ್ತಿರ ನನ್ನ ಬಾಯಿಂದ ಬಂದೇಬಿಟ್ಟಿತು.

"ಝುಮ್ರಾ, ಥರ್ಮಾಮೀಟರ್ ಚಿಮಣಿ ಪಕ್ಕ ಇತ್ತು. ಅಷ್ಟೂ ವರ್ಷ ತಪ್ಪು ತೋರಿಸ್ತು. ನಿನ್ನ ಕಡೆ ಎಂಟೂವರೆ."

"ಗೊತ್ತು."

"ಯಾವಾಗಿಂದ?"

"ನೀನು ಮೊಳೆ ಹೊಡೆದ ದಿನದಿಂದ."

"ಹೇಳಬಾರದಿತ್ತೇ?"

"ಹೇಳಿದ್ನಲ್ಲ" ಎಂದಳು. "ಚಳಿ ಆಗ್ತಿದೆ ಅಂತ. ಮೂವತ್ತು ವರ್ಷ ಹೇಳಿದೆ."

ಏಣಿಯ ಮೇಲೆ ನನಗೆ ಕಣ್ಣು ಮಂಜಾಯಿತು. ಗಾಳಿಗೆ ಎಂದು ಬರೆಯಬಹುದಿತ್ತು, ಆದರೆ ಗಾಳಿಗಲ್ಲ. "ಹನ್ನೆರಡು" ಎಂದು ಅವಳು ಕೆಳಗಿನಿಂದ ಕೂಗಿದಳು.

ನವೆಂಬರ್ 30

ನಿನ್ನೆ ಇಡೀ ದಿನ ಇಬ್ಬರೂ ಸೇರಿ ಒಳಮಾಡಿನ ಹಲಗೆ, ಹಾಳೆ ಬಿಚ್ಚಿದೆವು. ಉಣ್ಣೆ ಅರ್ಧ ಒದ್ದೆ. ಅಡುಗೆಮನೆಯಲ್ಲಿ ಒಲೆಯ ಸುತ್ತ, ಕುರ್ಚಿ, ಮೇಜು, ಬಾಗಿಲ ಮೇಲೆ ಎಲ್ಲ ಕಡೆ ಉಣ್ಣೆ ಒಣಗುತ್ತಿದೆ. ಮನೆ ಕುರಿಹಟ್ಟಿಯ ಹಾಗೆ ನಾರುತ್ತಿದೆ. ತೆಂಕಣ ಗಾಳಿ ನಿಂತು ಮತ್ತೆ ಹಿಮ ಬೀಳುತ್ತಿದೆ. ಮೇಲಿನ ಕೋಣೆಯಲ್ಲಿ ಕಾಲಿಡಲಾಗದಷ್ಟು ಚಳಿ; ಮನೆ ಹಿಂದೆಂದೂ ಇಷ್ಟು ತಣ್ಣಗಿರಲಿಲ್ಲ. ನಾನು ಎರಡು ಕಾಲುಚೀಲ ಹಾಕಿದ್ದೇನೆ.

ಮಧ್ಯಾಹ್ನ ಬೆಹಿಯಾ ಫೋನ್ ಮಾಡಿದಳು. ಝುಮ್ರಾ ಹಿಟ್ಟು ನಾದುತ್ತಿದ್ದಳು, ನಾನು ಎತ್ತಿದೆ.

"ಏನಂತಾಳೆ? ಆ ಜನ ಬಾಗಿಲಲ್ಲೇ ನಿಂತಿದಾರೆ. ಕೋಣೆ ಇವಳಿಗಾ, ಅವರಿಗಾ?"

ಫೋನಿನ ಮೇಲೆ ಕೈ ಮುಚ್ಚಿ ಕೇಳಿದೆ: "ಕೋಣೆ ವಿಷಯ. ಏನು ಹೇಳಲಿ?" ಅವಳು ನಾದುವುದನ್ನು ನಿಲ್ಲಿಸಲಿಲ್ಲ. ಹೋಗು ಎನ್ನಬೇಕು, ಅದೇ ನ್ಯಾಯ ಎಂದುಕೊಂಡೆ. "ಇಲ್ಲಿ ತುಂಬಾ ಚಳಿ ಇದೆ ಝುಮ್ರಾ" ಎಂದೆ. "ಹೋಗೋದೇ ಒಳ್ಳೇದು. ವಸಂತಕ್ಕೆ ಸರಿ ಮಾಡಿಸಿ ಕರೀತೀನಿ."

ಅವಳು ತಲೆಯೆತ್ತಿ ನೋಡಿದಳು. ಹಿಟ್ಟು ಮೆತ್ತಿದ ಕೈಯಲ್ಲೇ ಫೋನ್ ಕಸಿದುಕೊಂಡಳು.

"ಬೆಹಿಯಾ, ಅವರಿಗೇ ಕೊಟ್ಬಿಡು. ಹೂಂ, ನಾನೇ ಹೇಳ್ತಿರೋದು. ಬೆಚ್ಚಗಾ? ಎಲ್ಲಿ ಬೆಚ್ಚಗೆ, ಹೆಪ್ಪುಗಟ್ಟಿ ಹೋಗ್ತಿದೀವಿ ಇಬ್ರೂ. ಇಡು, ಹಿಟ್ಟು ಒಣಗ್ತಿದೆ."

ಫೋನಿಟ್ಟು ನನ್ನ ಕಡೆ ತಿರುಗಿದಳು. "ನಾಳೆ ಝೆಚೊನ ಕರಿ. ಈ ಸಲ ಒಳಗೆ ಮಲಗಿ ನಾನು ಹೇಳ್ತೀನಿ, ಎಲ್ಲಿ ಮುಚ್ಚಬೇಕು, ಎಲ್ಲಿ ಬಿಡಬೇಕು ಅಂತ. ನೀವಿಬ್ರೂ ಕೇಳಬೇಕು."

ಹೂಂ ಎಂದೆ. ಅವಳ ಮಾತಿಗೆ ಎದುರಾಡದೆ ನಾನು ಹೂಂ ಎಂದದ್ದು ಇದೇ ಮೊದಲ ಸಲ ಇರಬೇಕು. ಖಚಿತವಾಗಿ ಹೇಳಲಾರೆ, ಅದರ ದಾಖಲೆಯನ್ನು ನಾನು ಇಟ್ಟಿಲ್ಲ.